ಪರದೆಯ ಮೇಲೆ ಹಾಸನ

ಕರೆಂಟು ಹೋಗಿ ಯುಪಿಎಸ್ ಕೀಂ ಕೀಂ ಎಂದು ಕೂಗತೊಡಗಿತು. ಹೊಳೆನರಸೀಪುರದ ಆ ಸೈಬರ್ ಸೆಂಟರಿನಲ್ಲಿ ಫ್ಯಾನು ನಿಂತರೂ ಪರದೆ ಬೆಳಗುತ್ತಲೇ ಇತ್ತು. ಹಂಸಳ ಈಮೇಲ್ ಆಗಲೇ ಹೋಗಿತ್ತು. ಪಕ್ಕದ ಚಿಕ್ಕ ಚೌಕದಲ್ಲಿ ಜಾಹೀರಾತಿನ ಹೆಂಗಸು ನಗುತ್ತಿದ್ದಳು. ಕೆಳಗೆ ಇಂಗ್ಲಿಷಿನಲ್ಲಿ ಒಂದು ಸಾಲು: ಹಾಸನದಲ್ಲಿದ್ದೀರಾ? ಮನೆಯಲ್ಲೇ ಕೂತು ದುಡಿಯಿರಿ.

ಮತ್ತೆ ಹಾಸನ.

ಎಂಟು ತಿಂಗಳ ಹಿಂದೆ, ಎರಡು ಸಾವಿರದ ಏಳರ ಯುಗಾದಿಯ ಮಾರನೆಯ ದಿನ, ಅವಳು ಮೈಸೂರಿನ ಗಂಡನ ಮನೆಯಿಂದ ಉಟ್ಟ ಸೀರೆಯಲ್ಲೇ ಹೊರಟು ಬಂದಿದ್ದಳು. ಕಂಪ್ಯೂಟರ್ ಕಲಿಸುವ ಮೇಷ್ಟ್ರು ಕೇದಾರ್ ಹೆಂಡತಿಗೆ ಹೊಡೆದದ್ದು ಅಂದೇ ಮೊದಲಲ್ಲ. ಹೊರಗಿನಿಂದ ಬೀಗ ಹಾಕುವುದನ್ನು ಮರೆತದ್ದು ಅಂದೇ ಮೊದಲು. ಹೊಳೆನರಸೀಪುರದ ಹತ್ತಿರದ ಹಳೇಕೋಟೆಯಲ್ಲಿ ಹೊನ್ನಕ್ಕ ಎಂಬಾಕೆ ಅವಳಿಗೊಂದು ಕೋಣೆ ಕೊಟ್ಟಳು. ಅಲ್ಲಿನ ಮಕ್ಕಳಿಗೆ ಪಾಠ ಹೇಳಿಕೊಂಡು ಹಂಸ ಬದುಕಿದ್ದಳು. ಗಂಡ ತವರಿಗೆ ಹೋಗಿ ಅಪ್ಪ ಅಮ್ಮನನ್ನು ಕಾಡದಿರಲೆಂದು ತಿಂಗಳಿಗೊಮ್ಮೆ ಅವನಿಗೆ ಬರೆಯುತ್ತಿದ್ದಳು: ದೂರದಲ್ಲಿದ್ದೇನೆ, ಚೆನ್ನಾಗಿದ್ದೇನೆ, ಹುಡುಕಬೇಡಿ.

ಎಚ್ಚರಿಕೆಗೆಂದು ಒಮ್ಮೆ ಅರಕಲಗೂಡಿಗೆ, ಒಮ್ಮೆ ಚನ್ನರಾಯಪಟ್ಟಣಕ್ಕೆ ಹೋಗಿ ಬರೆದಳು. ಎರಡೂ ಕಡೆ ಜಾಹೀರಾತಿನ ಈ ಹೆಂಗಸು ಹಾಸನ ಎಂದೇ ನಕ್ಕಳು. ಅಂಗಡಿಯ ಪುಸ್ತಕದಲ್ಲಿ ನಿಜವಾದ ಹೆಸರು, ವಿಳಾಸ ಬರೆದದ್ದರಿಂದಲೇ ಹೀಗಾಯಿತೆಂದು ತಿಳಿದು, ಇಲ್ಲಿ ಪ್ರೇಮಕುಮಾರಿ, ತುಮಕೂರು ಎಂದು ಬರೆದಿದ್ದಳು. ಅಪ್ಪ ಪೂಜೆಗೆ ಕೂತಾಗ ಸಂಕಲ್ಪದಲ್ಲಿ ಜಂಬೂದ್ವೀಪದಿಂದ ಹೊರಟು ತಾವು ಕೂತ ಹೊಳೆಯ ದಡಕ್ಕೆ ಇಳಿಯುತ್ತಿದ್ದರು. ಈ ಪೆಟ್ಟಿಗೆಯೂ ಹಾಗೆಯೇ ಇಳಿಯುತ್ತಿದೆ, ಮುಂದಿನ ಸಲ ಹಳೇಕೋಟೆ ಎಂದುಬಿಡುತ್ತದೆ ಅನ್ನಿಸಿತು.

"ಗೌರೀಶಣ್ಣ, ನಾನು ಹಾಸನದ ಕಡೆ ಇದೀನಿ ಅಂತ ಇದಕ್ಕೆ ಯಾರು ಹೇಳಿದ್ರು?"

ಅಂಗಡಿಯ ಗೌರೀಶನಿಗೆ ಕಂಪ್ಯೂಟರಿನ ವಿಷಯ ಕೇಳಿದರೆ ಊಟ ಬೇಡ. "ನಿಮ್ಮನ್ಯಾರು ಕೇಳ್ತಾರೆ ಬುಡಿ ಅಕ್ಕ. ಅದು ನೋಡೋದು ಈ ಲೈನ್ನ. ಲೈನ್‌ಗೆ ಒಂದು ನಂಬರ್ ಐತೆ. ಯಾವ ನಂಬರು ಯಾವೂರ್ದು ಅಂತ ಜಾಹೀರಾತ್ನೋರತ್ರ ಪಟ್ಟಿ ಐತೆ. ಅದ್ರಾಗೆ ನಮ್ಮನ್ನೆಲ್ಲ ಹಾಸನ ಅಂತ ಬರ್ಕೊಂಡವ್ರೆ. ಅರಕಲಗೂಡಾಗೆ ಕುಂತ್ರೂ ಹಾಸನ, ನಮ್ಮಜ್ಜಿ ತ್ವಾಟದಾಗೆ ಕುಂತ್ರೂ ಹಾಸನ."

"ಪುಸ್ತಕದಲ್ಲಿ ಬರೆಸ್ಕೋತೀರಲ್ಲ, ಆ ಹೆಸರು?"

"ನಿಮ್ಮೆಸ್ರು ಕಟ್ಕೊಂಡು ಅದಕ್ಕೇನಾಗ್ಬೇಕು?"

"ಇದನ್ನೇ ಮೈಸೂರಲ್ಲಿ ಯಾರಾದ್ರೂ ತೆಗೆದ್ರೆ?"

"ಮೈಸೂರು ಅಂತದೆ. ನೋಡೋರ ಊರು ತೋರಿಸ್ತದೆ ಕಣಕ್ಕ, ನಿಮ್ಮೂರಲ್ಲ."

ಹಂಸಳ ಬಿಗಿದ ಭುಜಗಳು ಇಳಿದವು. ಬಚ್ಚಿಟ್ಟುಕೊಂಡವಳು ತನ್ನ ನೆರಳಿಗೇ ಹೆದರಿದಂತಾಯಿತಲ್ಲ ಎಂದು ನಗು ಬಂತು. "ನಾನೆಂಥ ಪೆದ್ದಿ," ಎಂದಳು.

ಆ ನಗು ಕಂಡು ಗೌರೀಶನಿಗೆ ಹುರುಪು ಬಂತು. "ಮೇಲ್ ಕತೆ ಬ್ಯಾರೆ. ನೀವು ಕಳ್ಸಿದ್ ಮೇಲ್ ಜತೆ ಈ ಲೈನ್ ನಂಬರೂ ಓಯ್ತದೆ. ಸುಮ್ಕೆ ಓದೋರ್ಗೆ ಕಾಣಾಕಿಲ್ಲ. ತಿಳಿದೋರು ಬಿಚ್ಚಿ ನೋಡುದ್ರೆ, ಪಟ್ಟೀಲಿ ಉಡ್ಕುದ್ರೆ, ಹಾಸನ ಅಂತ ಬತ್ತದೆ."

"ತಿಳಿದೋರು ಅಂದ್ರೆ?"

"ಕಂಪ್ಯೂಟರ್ ಕಲ್ಸೋ ಮೇಷ್ಟ್ರುಗಳು. ಅಂಥೋರು."

ಏಳು ಪತ್ರ. ಏಳೂ ಇದೇ ಜಿಲ್ಲೆಯ ಲೈನುಗಳಲ್ಲಿ ಹೋಗಿದ್ದವು. ಹುಡುಕಬೇಡಿ ಎಂದು ಬರೆದ ಪ್ರತಿ ಸಲವೂ ದಾರಿ ಹೇಳಿಕೊಟ್ಟಿದ್ದಳು.

"ಕಳ್ಸಿದ್ದನ್ನ ವಾಪಸ್ ತಗೋಬೋದಾ?"

"ಓದ ಮೇಲ್ ಓಯ್ತು ಬುಡಿ. ಎಲ್ಲಿರ್ತದೆ ಆ ನಂಬರು ಅಂತ ತೋರಿಸ್ತೀನಿ, ಇಲ್ನೋಡಿ," ಎಂದು ಗೌರೀಶ ಕುರ್ಚಿ ಎಳೆದುಕೊಂಡು ಪರದೆಗೆ ಬೆರಳಿಟ್ಟ. "ಮೇಲ್ಗಡೆ ನಾಕು ಸಾಲು ಬತ್ತದಲ್ಲ, ಅದ್ರಾಗೆ ಮೂರ್ನೇದು..."

ಹಂಸ ಚಪ್ಪಲಿ ಮೆಟ್ಟಿ ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.