ನೇಯ್ದವರ ಜಾಗದಲ್ಲಿ ನನ್ನ ಹೆಸರು

ತಪ್ಪು ನಿನ್ನದಲ್ಲ, ಶಶಿಕಲಾ. ಸೀರೆಯ ಚೀಟಿಯಲ್ಲಿ ನೇಯ್ದವರ ಜಾಗಕ್ಕೆ ನನ್ನ ಹೆಸರು ಬರುವಂತೆ ಮಾಡಿಸಿದವನು ನಾನೇ. ಗೊತ್ತಿದ್ದೂ ನಿನ್ನ ಮೇಲೆ ಹಾಕಿದೆ. ಇಷ್ಟು ವರ್ಷ — ಬಾಯಿ ಬಿಡಲಿಲ್ಲ.

ನೀನು ಮುಂಡರಗಿಯಿಂದ ದಿನಾ ಬಸ್ಸಿಗೆ ಬಂದು ಬೆಟಗೇರಿಯ ನಮ್ಮ ನೇಕಾರರ ಸಂಘದಲ್ಲಿ ಚೀಟಿ ಅಚ್ಚಾಗುವ ಪ್ರೋಗ್ರಾಂ ಬರೆಯುತ್ತಿದ್ದೆ. ಎಕ್ಸ್‌ಎಂಎಲ್ ಫೈಲಿನಲ್ಲಿ ಒಂದೊಂದು ಸೀರೆಗೂ ಒಂದೊಂದು ಟ್ಯಾಗು, ಅದರೊಳಗೆ ಅದರ ವಿವರ ಹೇಳುವ ಅಟ್ರಿಬ್ಯೂಟುಗಳು — ಬಣ್ಣ, ಅಳತೆ, ಮಗ್ಗದ ಮಾಲೀಕರು, ನೇಯ್ದವರು. ಅವನ್ನು ಜಾವಾ ಪ್ರೋಗ್ರಾಂನಲ್ಲಿ ಸೀರೆಯ ಆಬ್ಜೆಕ್ಟಿನ ಪ್ರಾಪರ್ಟಿಗಳಿಗೆ, ಅಂದರೆ ಚೀಟಿಯಲ್ಲಿ ಅಚ್ಚಾಗುವ ಒಂದೊಂದು ಜಾಗಕ್ಕೆ, ಹೊಂದಿಸಬೇಕು ಎಂದು ಮೆಟ್ರಿಕ್ ಓದಿದ ನನಗೂ ತಿಳಿಯುವಂತೆ ಹೇಳಿದ್ದೆ. ಯಾವುದು ಎಲ್ಲಿಗೆ ಎಂದು ತೋರಿಸಲು ಸಂಘದವರು ನನ್ನನ್ನು ಕೂರಿಸಿದ್ದರು.

ನೇಯ್ದವರು ಎಂಬ ಪ್ರಾಪರ್ಟಿಗೆ ಮಾಲೀಕರ ಅಟ್ರಿಬ್ಯೂಟನ್ನೇ ಕೊಡು ಎಂದೆ. ನಮ್ಮ ಓಣಿಯಲ್ಲಿ ಮಗ್ಗ ಯಾರದೋ ಸೀರೆ ಅವರದೇ. ಕೂತು ನೇಯುವ ಹೆಂಗಸರ ಹೆಸರನ್ನು ಯಾರೂ ಕೇಳುತ್ತಿರಲಿಲ್ಲ. ಆ ರೂಢಿ ನನಗೆ ಹಿತವಾಗಿತ್ತು. ನನ್ನ ಮಗ್ಗದಲ್ಲಿ ಕೂರುತ್ತಿದ್ದವಳು ತೀರಿಹೋದ ತಮ್ಮನ ಹೆಂಡತಿ ನೀಲವ್ವ.

ನೀನು ನಕ್ಕೆ. “ಉಡೋರು ಹೆಂಗಸ್ರು, ನೇಯೋರು ಹೆಂಗಸ್ರು, ಹೆಸರಷ್ಟ ಮೀಸಿಗೇನ್ರಿ ಕಾಕಾ?”

“ಹೇಳಿದಷ್ಟ ಮಾಡವಾ,” ಎಂದೆ.

ಆಮೇಲೆ ಒಬ್ಬ ವ್ಯಾಪಾರಿ ಚೀಟಿ ಹಿಡಿದು ಸಂಘಕ್ಕೇ ಬಂದ. ಸೆರಗಿನ ಈ ಹೂವನ್ನು ಹೇಗೆ ನೇಯ್ದಿರಿ, ತೋರಿಸಿ ಎಂದು ನನ್ನನ್ನೇ ಕೇಳಿದ. ಎಲ್ಲರೂ ಸುತ್ತ ನಿಂತಿದ್ದರು. ನನಗೆ ಆ ಹೂವು ಬರುವುದಿಲ್ಲ — ಬರುವುದಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಆದರೆ —

“ಈ ಹುಡುಗಿ ಹೆಸರು ಅದಲು ಬದಲು ಮಾಡ್ಯಾಳ್ರಿ,” ಎಂದೆ ಅಧ್ಯಕ್ಷರಿಗೆ.

ನೀನು ಸಿಟ್ಟಾಗಲಿಲ್ಲ. “ಕಾಕಾ, ಖರೆ ಏನೈತಿ ನೀವ ಹೇಳ್ರಿ,” ಎಂದು ನನ್ನ ಮುಖ ನೋಡುತ್ತ ಕಾದೆ. ನಾನು ನೆಲ ನೋಡಿದೆ. ಮರುದಿನದಿಂದ ಬರಬೇಡ ಎಂದು ಅಧ್ಯಕ್ಷರು ನಿನಗೆ ಹೇಳಿದರು. ಮುಂದೆ ಗದಗಿನಲ್ಲಿ ನೀನು ಕೆಲಸ ಕೇಳಿದ ಕಡೆಯೆಲ್ಲ, ಚೀಟಿಯ ಹೆಸರು ಅದಲು ಬದಲು ಮಾಡುವ ಹುಡುಗಿ ಎಂಬ ಮಾತು ನಿನಗಿಂತ ಮೊದಲೇ ಹೋಗಿತ್ತಂತೆ. ಅದು ಕಿವಿಗೆ ಬಿದ್ದಾಗಲೂ ನಾನು —

ಮೊನ್ನೆ ನೀಲವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳು ಲಾಳಿ ನಿಲ್ಲಿಸಿದಳು.

“ನನ್ನ ಹೆಸರಿಂದು ಇರ್ಲಿ ಭಾವಾರ. ಆ ಹುಡುಗಿ ಬಾಯಾಗಿನ ತುತ್ತು ಕಸ್ಕೊಂಡ್ರಲ್ಲಾ!”

ಮತ್ತೆ ಲಾಳಿ ಹಿಡಿದಳು.

ಸೋಮವಾರ ಸಂಘದ ಸಭೆಯಿದೆ. ವ್ಯಾಪಾರಿ ಬಂದ ದಿನ ಸುತ್ತ ನಿಂತಿದ್ದವರ ಎದುರಿಗೇ ಇದನ್ನು ಹೇಳುತ್ತೇನೆ. ನೀನೂ ಬಾ ಎಂದು ಕರೆಯುವ ಮುಖ ನನಗಿಲ್ಲ; ಕ್ಷಮಿಸು ಎನ್ನುವ ಬಾಯಿಯೂ ಇಲ್ಲ. ಆ ಕೆಟ್ಟ ಮಾತು ಇನ್ನು ನಿನ್ನ ಹಿಂದೆ ಬರಬಾರದು. ಬರುವುದಿದ್ದರೆ ನನ್ನ ಮನೆ ಬಾಗಿಲಿಗೆ ಬರಲಿ.