ಕಂಪ್ಯೂಟರಿನ ಪಕ್ಕದ ಕಬ್ಬಿಣದ ಸೇರು

ಮೊನ್ನೆ ಅಟ್ಟ ಗುಡಿಸುವಾಗ ಕಬ್ಬಿಣದ ಹಳೆಯ ಸೇರೊಂದು ಉರುಳಿ ಬಂದು ಕಾಲಿಗೆ ಬಡಿಯಿತು. ಕೈಗೆತ್ತಿಕೊಂಡು ಮೂಸಿದೆ. ತುಕ್ಕಿನ ಅಡಿಯಲ್ಲಿ ಹಸಿ ಶೇಂಗಾದ ವಾಸನೆ ಇನ್ನೂ ಇತ್ತು, ಅಥವಾ ಇತ್ತೆಂದು ನನಗನ್ನಿಸಿತು... ಕೊಟ್ಟೂರಿನಲ್ಲಿ ನನಗೆ ಕಂಪ್ಯೂಟರ್ ಕಲಿಸಿದ ಸರ್ ಕೊಟ್ಟ ಸೇರು ಅದು.

ಎಂಬತ್ತರ ದಶಕದ ಕೊನೆ. ಶೇಂಗಾ ಬೆಳೆಗಾರರ ಸಂಘದವರು ಒಂದು ಕಂಪ್ಯೂಟರ್ ತರಿಸಿದ್ದರು. ದೇವರಿಗಿಂತ ಅದಕ್ಕೇ ಮಡಿ ಹೆಚ್ಚು: ಚಪ್ಪಲಿ ಹೊರಗೆ ಬಿಡಬೇಕು, ಕೈ ತೊಳೆದೇ ಮುಟ್ಟಬೇಕು. ಸರ್ ಲಾರಿ ರಿಪೇರಿ ಮಾಡುವ ಮನೆತನದವರು, ದೊಡ್ಡ ಊರಿನ ಕಾಲೇಜಿನಲ್ಲಿ ಓದಿ ಬಂದಿದ್ದರು. ಸಂಘದ ತೂಕದ ಲೆಕ್ಕಕ್ಕೆ ಅವರು ಪ್ರೋಗ್ರಾಮ್ ಬರೆದುಕೊಡಬೇಕು, ಬದಲಿಗೆ ಬೆಳಗಿನ ಹೊತ್ತು ಅದೇ ಕಂಪ್ಯೂಟರಿನಲ್ಲಿ ಊರಿನ ಹುಡುಗಿಯರಾದ ನಮಗೆ ಸಿ ಭಾಷೆ ಕಲಿಸಬಹುದು ಎಂದು ಒಪ್ಪಂದವಾಗಿತ್ತು. ಹೆಣ್ಣುಮಕ್ಕಳಿಗೆ ಟೈಪಿಂಗೇ ಸಾಕು ಎನ್ನುತ್ತಿದ್ದ ನಮ್ಮಪ್ಪನ ಎದುರು ಊಟ ಬಿಟ್ಟು ಹಟ ಹಿಡಿದು ನಾನು ಆ ಕ್ಲಾಸಿಗೆ ಹೋಗುತ್ತಿದ್ದೆ.

ಸುಗ್ಗಿ ಬಂತು. ಸಂಘಕ್ಕೆ ಬಂದ ಶೇಂಗಾವನ್ನು ಕಿಲೋ ಲೆಕ್ಕದಲ್ಲಿ ಕೂಡಿಸುತ್ತ ಹೋದೆವು. ಮೂವತ್ತೆರಡು ಸಾವಿರದವರೆಗೆ ಎಲ್ಲ ಸರಿಯಿತ್ತು. ಇನ್ನೊಂದಿಷ್ಟು ಚೀಲ ಕೂಡಿಸಿದ್ದೇ ತಡ, ಒಟ್ಟು ತೂಕದ ಎಡಕ್ಕೆ ಮೈನಸ್ ಗೆರೆ! ಗೋದಾಮಿನಲ್ಲಿ ಸೂರು ಮುಟ್ಟುವಷ್ಟು ಶೇಂಗಾ, ಪರದೆಯ ಮೇಲೆ ಸೊನ್ನೆಗಿಂತ ಕಡಿಮೆ.

ಸಂಘದ ಅಧ್ಯಕ್ಷರು ಕನ್ನಡಕ ಏರಿಸಿ ನೋಡಿದರು. "ಏನ್ರಿ ಮಾಸ್ತರ, ಇದ್ದ ಶೇಂಗಾ ಎಲ್ಲಾ ತಿಂದು ಇನ್ನಷ್ಟು ಬೇಕು ಅಂತೈತಲ್ರಿ ನಿಮ್ಮ ಮಶೀನು!" ಸುತ್ತ ಇದ್ದವರೆಲ್ಲ ನಕ್ಕರು. ಅಧ್ಯಕ್ಷರು ನಗಲಿಲ್ಲ. "ಬರೋ ಸಂತಿ ದಿನಕ್ಕ ಸರಿ ಆಗ್ಲಿಲ್ಲಂದ್ರ ವಾಪಸ್ ಕಳಿಸಿಬಿಡ್ತೀವಿ ನೋಡ್ರಿ. ಎಣಿಸಾಕ ಬರಲಾರದ್ದು ನಮಗ್ಯಾಕ?"

ಕಂಪ್ಯೂಟರ್ ಹೋದರೆ ಕ್ಲಾಸೂ ಹೋದಂತೆ. ನನ್ನ ಕಿವಿಯಲ್ಲಿ ಆಗಲೇ ಟೈಪಿಂಗ್ ಮಶೀನಿನ ಕಟಕಟ ಶುರುವಾಗಿತ್ತು. ಸರ್ ಪ್ರೋಗ್ರಾಮನ್ನು ಸಾಲುಸಾಲಾಗಿ ಜಾಲಾಡಿದರು, ತಪ್ಪು ಸಿಗಲಿಲ್ಲ. ಕಾಲೇಜಿನ ದೊಡ್ಡ ಕಂಪ್ಯೂಟರಿನಲ್ಲಿ ಬರೆದು ಪರೀಕ್ಷೆ ಮಾಡಿದಾಗ ಇದೇ ಪ್ರೋಗ್ರಾಮ್ ಲಕ್ಷ ದಾಟಿದರೂ ಸರಿಯಾಗಿ ಕೂಡಿಸಿತ್ತು. ಅವರ ಮುಖ ದಿನದಿನಕ್ಕೆ ಸಣ್ಣಗಾಗುತ್ತಿತ್ತು.

ಸಂತೆಯ ದಿನ ಬೆಳಿಗ್ಗೆ ಸರ್ ಅವರ ತಾಯಿ ಮನೆಯ ಬೀಗದ ಕೈ ಕೊಡಲು ಬಂದರು. ಅವರ ಕೈಚೀಲದಲ್ಲಿ ಈ ಸೇರಿತ್ತು. ನಮ್ಮ ಕಡೆ ಹೆಂಗಸರು ಸಂತೆಗೆ ಮನೆಯ ಸೇರನ್ನೇ ಒಯ್ಯುತ್ತಿದ್ದರು. ಹಡಗಲಿಯ ಸೇರು ಬೇರೆ, ಹರಪನಹಳ್ಳಿಯದು ಬೇರೆ. ಸರಕಾರ ಕಿಲೋ ತಂದು ಎಷ್ಟೋ ಕಾಲವಾಗಿದ್ದರೂ ಕಾಳಿನ ವ್ಯಾಪಾರಕ್ಕೆ ಕೂತರೆ ಮೊದಲ ಮಾತು "ಯಾವ ಊರ ಸೇರ್ರಿ?" ಎಂದೇ. ಸರ್ ಆ ಚೀಲವನ್ನೇ ನೋಡುತ್ತ ನಿಂತರು, ಆಮೇಲೆ ಹಣೆ ಹಣೆ ಬಡಿದುಕೊಂಡರು.

"ಅಮ್ಮಿ, ಇದನ್ನ ಇವತ್ತು ಇಲ್ಲೇ ಬಿಟ್ಟು ಹೋಗು."

"ಮತ್ತ ಕಾಳು ಹೆಂಗ ತರ್ಲಿ? ನಿನ್ನ ಟಿವಿಯಾಗ ಅಳೀಲೇನು?" ಎಂದು ಬೈಯುತ್ತಲೇ ಕೊಟ್ಟು ಹೋದರು.

ಸರ್ ಸೇರನ್ನು ಕಂಪ್ಯೂಟರಿನ ಪಕ್ಕ ಇಟ್ಟು ನಮ್ಮನ್ನು ಕರೆದರು. "ನೋಡ್ರವ್ವಾ, ಅಂಕಿ ಹಿಡಿಯೋ ಜಾಗಕ್ಕ ಇಂಟ್ ಅಂತ ಹೆಸರಿಟ್ಟೀವಿ. ಕಾಲೇಜಿನ ಮಶೀನಿನಾಗ ಇಂಟ್ ಅಂದ್ರ ನಾಲ್ಕು ಬೈಟು, ಇಲ್ಲಿ ಬರೇ ಎರಡು. ಎರಡರಾಗ ಮೂವತ್ತೆರಡು ಸಾವಿರದ ಚಿಲ್ರಿ ಹಿಡಿತೈತಿ, ಮ್ಯಾಲ ಹಾಕಿದ್ರ ಮೈನಸ್ಸಿಗೆ ತಿರುಗತೈತಿ. ಹೆಸರು ಒಂದ, ಸೇರು ಬ್ಯಾರೆ. ಸಂತ್ಯಾಗ ಎಲ್ಲಾರೂ ಕೇಳೋ ಮಾತು ನಾ ಇಲ್ಲಿ ಕೇಳ್ಲಿಲ್ಲ ನೋಡ್ರಿ!"

ಇಂಟ್ ಇದ್ದಲ್ಲಿ ನಾಲ್ಕು ಬೈಟಿನ ಲಾಂಗ್ ಎಂದು ತಿದ್ದಿದ್ದರೆ ಅವತ್ತಿನ ಮಟ್ಟಿಗೆ ಪಾರಾಗುತ್ತಿದ್ದರು. ಅವರು ಅಷ್ಟಕ್ಕೇ ಬಿಡುವ ಪೈಕಿಯಲ್ಲ. ನಾಳೆ ಇನ್ನೊಂದು ಕಂಪ್ಯೂಟರ್ ಬಂದರೆ ಮತ್ತದೇ ಗೋಳು ಎಂದು, ಬೇರೆಯೊಂದು ಫೈಲಿನಲ್ಲಿ ಅಳತೆಗಳಿಗೆ ತಮ್ಮದೇ ಹೆಸರಿಟ್ಟರು: ಸೇರು೨, ಸೇರು೪. ಎಷ್ಟು ಬೈಟೋ ಅದು ಹೆಸರಿನಲ್ಲೇ ಇತ್ತು. ಯಂತ್ರ ಬದಲಾದರೆ ಆ ಫೈಲೊಂದನ್ನು ತಿದ್ದಿದರಾಯಿತು, ಉಳಿದ ಪ್ರೋಗ್ರಾಮ್ ಮುಟ್ಟಬೇಕಿಲ್ಲ. ಪ್ರೋಗ್ರಾಮ್ ಶುರುವಾಗುತ್ತಲೇ ಸೇರು೪ ನಿಜಕ್ಕೂ ನಾಲ್ಕು ಬೈಟಿದೆಯೇ ಎಂದು ಅಳೆದುಕೊಳ್ಳುತ್ತಿತ್ತು, ಇಲ್ಲದಿದ್ದರೆ ಅಲ್ಲೇ ನಿಲ್ಲುತ್ತಿತ್ತು. "ಮೊದ್ಲು ಸೇರು ಅಳೀರಿ, ಆಮ್ಯಾಲ ಕಾಳು," ಎನ್ನುವುದು ಅಂದಿನಿಂದ ಅವರ ಮಂತ್ರವಾಯಿತು.

ಸಂಜೆ ಅಧ್ಯಕ್ಷರ ಎದುರಿಗೆ ತೂಕಗಳನ್ನೆಲ್ಲ ಮತ್ತೆ ಕೂಡಿಸಿದೆವು. ಕೀಲಿ ಒತ್ತಿದವಳು ನಾನೇ. ಮೂವತ್ತೆರಡು ಸಾವಿರ ಹತ್ತಿರ ಬಂದಾಗ ಹೆದರಿ ಕಣ್ಣು ಮುಚ್ಚಿಕೊಂಡೆ.

"ದಾಟ್ತವ್ವಾ, ಕಣ್ಣು ತಗಿ," ಅಂದರು ಸರ್. ಆಮೇಲೆ ಅಧ್ಯಕ್ಷರ ಕಡೆ ತಿರುಗಿ, "ತಪ್ಪು ಮಶೀನಿಂದಲ್ರಿ, ನಂದು," ಎಂದು ಎಲ್ಲರೆದುರು ಹೇಳಿದರು.

ಅಧ್ಯಕ್ಷರು ಪರದೆಯನ್ನೂ ಸೇರನ್ನೂ ನೋಡಿ, "ಇರ್ಲಿ ಬಿಡ್ರಿ. ಹುಡುಗ್ಯಾರು ಕಲೀಲಿ," ಎಂದು ಎದ್ದು ಹೋದರು. ಕಂಪ್ಯೂಟರ್ ಉಳಿಯಿತು, ನಾನೂ ಟೈಪಿಂಗಿನಿಂದ ಉಳಿದುಕೊಂಡೆ.

ಮುಂದೆ ನನಗೆ ಹರಪನಹಳ್ಳಿಯಲ್ಲಿ ಪಾಠ ಹೇಳುವ ಕೆಲಸ ಸಿಕ್ಕಾಗ ಸರ್ ಈ ಸೇರನ್ನು ಪತ್ರಿಕೆಯಲ್ಲಿ ಸುತ್ತಿ ಕೊಟ್ಟರು. ಅಷ್ಟರಲ್ಲಿ ಅವರ ಅಮ್ಮಿ ಇರಲಿಲ್ಲ...

ಅಟ್ಟದಿಂದ ಇಳಿಸಿದ ಸೇರನ್ನು ಉಜ್ಜಿ ತೊಳೆದು ನಿನ್ನೆ ಕ್ಲಾಸಿಗೆ ಒಯ್ದೆ. ಅಳತೆಯನ್ನು ಹೆಸರಿನಲ್ಲೇ ಹೇಳುವ ಪದಗಳು ಈಗ ಸಿ ಭಾಷೆಯಲ್ಲೇ ಇವೆ, ಸರ್ ಮಾಡಿದ ಫೈಲು ಯಾರಿಗೂ ಬೇಕಿಲ್ಲ. ಆದರೂ ಕಥೆ ಹೇಳೋಣವೆಂದುಕೊಂಡು ಹಲಗೆಯ ಮೇಲೆ ಇಂಟ್ ಎಂದು ಬರೆದು ತಿರುಗಿದೆ. ಕಾನಹೊಸಹಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ ಆಗಲೇ ಎದ್ದು ನಿಂತಿದ್ದಳು.

"ಯಾವ ಮಶೀನಿನ ಇಂಟ್ ರಿ, ಮೇಡಂ?"

ಈ ಮಾತನ್ನು ಓಡಿಹೋಗಿ ಸರ್‌ಗೆ ಹೇಳಬೇಕೆನಿಸಿತು. ಹೇಳೋಣವೆಂದರೆ ಅವರು ತೀರಿಕೊಂಡು ವರ್ಷಗಳಾದವು. ಆದರೂ ತಡೆಯಲಾರದಷ್ಟು ಖುಷಿಯಾಯಿತು. ಮೇಜಿನ ಮೇಲಿದ್ದ ಸೇರನ್ನು ತೆಗೆದು ಅವಳ ಕೈಗೆ ಕೊಟ್ಟೆ.

"ಹಿಡ್ಕೊ ತಂಗಿ," ಅಂದೆ. "ಇನ್ನ ಮ್ಯಾಲ ಇದು ನಿಂದು."