ನಾನು ತೆಗೆಯದ ಮುಚ್ಚಳ

ಸುಳ್ಳು ಹೇಳಿದ್ದು ನಾನು, ಕೆಲಸ ಕಳೆದುಕೊಂಡಿದ್ದು ಚಿಕ್ಕತಾಯಮ್ಮ. ಒಂಬತ್ತು ವರ್ಷ ಇದನ್ನು ಯಾರಿಗೂ ಹೇಳಲಿಲ್ಲ — ಹೆಂಡತಿಗೂ.

ತೊಂಬತ್ತರ ದಶಕದ ಕೊನೆಗೆ ರಾಣೆಬೆನ್ನೂರಿನ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಕೋಣೆ ಹಿಡಿದಿದ್ದೆ. ಸಿಕ್ಕ ಕೆಲಸ, ಹೋಟೆಲುಗಳ ಜಿಡ್ಡಿನ ತೊಟ್ಟಿ ತೊಳೆಯುವುದು. ಪಾತ್ರೆ ತೊಳೆದ ನೀರು ಚರಂಡಿ ಸೇರುವ ಮೊದಲು ಈ ತೊಟ್ಟಿಯ ಮೂರು ಅಂಕಣಗಳನ್ನು ಹಾದುಹೋಗುತ್ತದೆ. ಎಣ್ಣೆ, ಡಾಲ್ಡಾ ಎಲ್ಲ ತೇಲಿ ಅಲ್ಲೇ ಗಟ್ಟಿಯಾಗುತ್ತವೆ. ಹದಿನೈದು ದಿನಕ್ಕೊಮ್ಮೆ ಮೂರೂ ಮುಚ್ಚಳ ತೆಗೆದು ಬಾಚಬೇಕು, ಗೋಡೆ ಕೆರೆಯಬೇಕು.

ಜಯನಗರದ ಒಂದು ಹೋಟೆಲಿನಲ್ಲಿ ಎರಡನೇ ಮುಚ್ಚಳ ಬಿಗಿದು ಕೂತಿತ್ತು. ಎಳೆದೆ, ಬರಲಿಲ್ಲ. ಮುಂದಿನ ಸಲ ನೋಡೋಣ ಅಂದುಕೊಂಡೆ. ಮುಂದಿನ ಸಲವೂ ಅದನ್ನೇ ಅಂದುಕೊಂಡೆ — ಹೀಗೇ ಐದು ತಿಂಗಳು. ಗೋಡೆಯ ಮೇಲಿನ ಕಾರ್ಡಿಗೆ ಮಾತ್ರ ತಪ್ಪದೆ ಸಹಿ ಹಾಕುತ್ತಿದ್ದೆ.

ಒಂದು ಭಾನುವಾರ ಮಧ್ಯಾಹ್ನ, ಊಟದ ಹೊತ್ತಿಗೆ, ಅಡುಗೆಮನೆಯ ಮೋರಿಯಿಂದ ನೀರು ಉಕ್ಕಿತು. ಗಿರಾಕಿಗಳ ಕಾಲಡಿಯವರೆಗೂ ಬಂತು. ಮಾಲೀಕರು ನನ್ನನ್ನು ಕರೆಸಿದರು. ಅಷ್ಟರಲ್ಲಾಗಲೇ ಅವರು ತಪ್ಪು ಯಾರದೆಂದು ತೀರ್ಮಾನಿಸಿದ್ದರು. ಪಾತ್ರೆ ತೊಳೆಯುವ ಚಿಕ್ಕತಾಯಮ್ಮ ಎಂಜಲು ಅನ್ನವನ್ನೆಲ್ಲ ಮೋರಿಗೆ ಸುರಿದಿದ್ದಾಳೆ ಎಂದು. ಆಕೆ ಒದ್ದೆ ನೆಲದ ಮೇಲೆ ನಿಂತು, ಜರಡಿ ಹಿಡಿಯದೆ ಒಂದು ತಟ್ಟೆಯನ್ನೂ ತೊಳೆದಿಲ್ಲವೆಂದು ಹೇಳುತ್ತಲೇ ಇದ್ದಳು. ಕೊನೆಗೆ ನನ್ನ ಕಡೆ ತಿರುಗಿದಳು.

“ಎರಡ್ನೇ ಮುಚ್ಳ ತೆಗ್ದು ತೋರ್ಸಣ್ಣ. ಅನ್ನ ಇದ್ರೆ ನಾನೇ ಹೋಗ್ತೀನಿ.”

ತೆಗೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನನ್ನ ಬಾಯಲ್ಲಿ ಬಂದದ್ದು ಬೇರೆ.

“ಅದನ್ನ ನಾ ಹೋದ ವಾರನ ತೊಳದೀನ್ರೀ. ಮ್ಯಾಲಿಂದ ಅನ್ನ ಬಂದ್ರ ನಾ ಏನ್ ಮಾಡ್ಲಿ?”

ಮಾಲೀಕರು ಆಕೆಯನ್ನು ಅಲ್ಲೇ ಕೆಲಸದಿಂದ ತೆಗೆದರು. ಆಕೆ ಸೆರಗಿಗೆ ಕೈ ಒರೆಸಿಕೊಂಡು ಹೊರಟುಹೋದಳು.

ಮರುದಿನ ಬೆಳಿಗ್ಗೆ ಹಾರೆ ತಂದು ಆ ಮುಚ್ಚಳ ಎಬ್ಬಿಸಿದೆ. ಒಳಗೆ ಸಾಬೂನಿನ ಕಲ್ಲಿನಂಥ ಜಿಡ್ಡು. ಕಡಿದು ಕಡಿದು ತೆಗೆದೆ. ಬೇಕೆಂದೇ ಹುಡುಕಿದೆ — ಒಂದಾದರೂ ಅನ್ನದ ಅಗುಳು ಸಿಗಲಿ, ನನ್ನ ಮಾತು ನಿಜವಾಗಲಿ ಅಂತ. ಒಂದೂ ಸಿಗಲಿಲ್ಲ. ಆಗಲೇ ಮಾಲೀಕರ ಬಳಿ ಹೋಗಿ ಹೇಳಬಹುದಿತ್ತು. ಹೇಳಲಿಲ್ಲ.

ಆಮೇಲೆ ನಾನೇ ಸ್ವಂತವಾಗಿ ಈ ಕೆಲಸ ಹಿಡಿದೆ. ಅದೇ ಮಾಲೀಕರು ಜೆಪಿ ನಗರದಲ್ಲಿ ಇನ್ನೊಂದು ಹೋಟೆಲು ತೆರೆದಾಗ ಅಲ್ಲಿನ ಕೆಲಸ ನನಗೇ ಕೊಟ್ಟರು. ಅಲ್ಲಿ ಹೊಸ ತೊಟ್ಟಿ. ಮೂರೂ ಮುಚ್ಚಳ ತೆಗೆದು ನಿಯತ್ತಾಗಿ ತೊಳೆದರೂ ನೀರು ಮತ್ತೆ ಮತ್ತೆ ಉಕ್ಕುತ್ತಿತ್ತು. ಹೋದ ತಿಂಗಳು ಮಾಲೀಕರು ಬೇಸತ್ತು, ಬಿಳೇಕಹಳ್ಳಿಯಿಂದ ಬೇರೆಯವರನ್ನು ಕರೆಸಿದರು.

ಟೆಂಪೊದಿಂದ ನಾಲ್ವರು ಹೆಂಗಸರು ಇಳಿದರು. ಗಂಬೂಟು, ಉದ್ದನೆಯ ಕೈಗವಸು. ಮುಂದಿದ್ದವಳು ಚಿಕ್ಕತಾಯಮ್ಮ.

ಆಕೆ ನನ್ನತ್ತ ಒಮ್ಮೆ ನೋಡಿ, ನೇರವಾಗಿ ಕೆಲಸಕ್ಕೆ ಕೈ ಹಾಕಿದಳು. ಮುಚ್ಚಳಗಳನ್ನೆಲ್ಲ ತೆಗೆಸಿ, ಅಂಕಣಗಳ ನಡುವಿನ ತಗಡಿನ ಪಕ್ಕ ಸಲಾಕೆ ಇಳಿಬಿಟ್ಟು ಅಳೆದಳು. ತಗಡು ತಳಕ್ಕೇ ತಾಗಿ ನಿಂತಿತ್ತು. ನೀರು ಅಡಿಯಿಂದ ದಾಟಲು ಜಾಗವೇ ಇಲ್ಲ. ಕಟ್ಟಿದವನ ತಪ್ಪು. ಮೂರು ತಿಂಗಳಿಂದ ನನ್ನ ಕಣ್ಣಿಗೆ ಬೀಳದ್ದನ್ನು ಆಕೆ ಕಾಲು ಗಂಟೆಯಲ್ಲಿ ಕಂಡುಹಿಡಿದಿದ್ದಳು. ತಗಡನ್ನು ನಾಲ್ಕು ಬೆರಳು ಮೇಲೆತ್ತಿ ಬೋಲ್ಟು ಬಿಗಿಸಿದಳು. ಅಡುಗೆಮನೆಯ ನಲ್ಲಿಗಳನ್ನೆಲ್ಲ ಒಟ್ಟಿಗೇ ಬಿಡಿಸಿದಳು. ನೀರು ಸುಳಿ ಸುತ್ತಿ, ಗುಳುಗುಳು ಎಂದು ಇಳಿದುಹೋಯಿತು. ದೋಸೆ ಹುಯ್ಯುವವನು ಸೌಟು ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಎಲ್ಲರೂ ತಟ್ಟಿದರು.

ಮಾಲೀಕರು ಆಕೆಯನ್ನೇ ದಿಟ್ಟಿಸಿ, ಜಯನಗರದಲ್ಲಿ ಇದ್ದಿರಲ್ಲವೇ ಎಂದು ಕೇಳಿದರು.

“ಹೂಂ ಸಾರ್. ಮೋರಿಗೆ ಅನ್ನ ಸುರಿದ್ಲು ಅಂತ ಕಳ್ಸಿದ್ರಲ್ಲ, ಅವ್ಳೇ ನಾನು.”

ಚಪ್ಪಾಳೆ ನಿಂತಿತು. ನಾನು ಮುಂದೆ ಬಂದೆ. ಈ ಸಲ ಮಾತು ಸರಿಯಾಗಿ ಬಂತು.

“ಆಕಿ ಸುರದಿಲ್ರೀ ಸಾರ್. ಎರಡನೇ ಮುಚ್ಚಳ ನಾ ಐದು ತಿಂಗಳು ತಗದಿರಲಿಲ್ಲ. ಸುಳ್ಳು ಹೇಳಿದ್ದು ನಾನು.”

ಮಾಲೀಕರು ಆಕೆಯ ಕಡೆ ತಿರುಗಿದರು. ಎಲ್ಲರೆದುರಿಗೆ ಆಕೆಗೆ ಕೈ ಮುಗಿದರು. ಇನ್ನು ತಮ್ಮ ಎಲ್ಲ ಹೋಟೆಲುಗಳ ಕೆಲಸ ನೀವೇ ನೋಡಿಕೊಳ್ಳಿ ಎಂದರು. ಚಿಕ್ಕತಾಯಮ್ಮ ಕೈಗವಸು ಕಳಚುತ್ತ ಒಂದು ಷರತ್ತು ಹಾಕಿದಳು.

“ಮುಚ್ಳ ತೆಗ್ದಾಗೆಲ್ಲ ನಿಮ್ಮ ಮ್ಯಾನೇಜರ್ ಬಂದು ಬಗ್ಗಿ ನೋಡ್ಬೇಕು. ನೋಡ್ದೆ ಯಾರ ಮೇಲೂ ತಪ್ಪು ಹೊರ್ಸಂಗಿಲ್ಲ.”

ಪಾತ್ರೆ ತೊಳೆಯುತ್ತಿದ್ದ ಇಬ್ಬರು ಹೆಂಗಸರು ಒಬ್ಬರನ್ನೊಬ್ಬರು ನೋಡಿ ನಕ್ಕರು. ಹೊರಡುವಾಗ ಆಕೆ ನನ್ನ ಹತ್ತಿರ ನಿಂತು, “ನಂಗೆ ಅವತ್ತೇ ಗೊತ್ತಿತ್ತು. ನಿನ್ನ ಬಾಯಿಂದ ಬರ್ಲಿ ಅಂತಿದ್ದೆ,” ಎಂದಳು. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಆ ದೊಡ್ಡ ಹೋಟೆಲಿನ ಕೆಲಸ ನನ್ನ ಕೈಬಿಟ್ಟಿತು. ಆದರೂ ಆ ದಿನ ಎದೆ ತುಂಬಿ ಬಂದಿತ್ತು — ನಾನೇ ಗೆದ್ದ ಹಾಗೆ. ಆ ಗೆಲುವಿನಲ್ಲಿ ನನಗೆ ಪಾಲಿಲ್ಲ ಎಂದು ಗೊತ್ತಿದ್ದರೂ.

ಟೆಂಪೊ ಓಡಿಸುತ್ತಿದ್ದವಳು ಆಕೆಯ ಮಗಳು. ತಾಯಿ ಕೆಲಸ ಕಳೆದುಕೊಂಡ ವರ್ಷವೇ ಅವಳು ಹತ್ತನೇ ತರಗತಿ ಬಿಟ್ಟಿದ್ದಳೆಂದು ತಂಡದ ಹೆಂಗಸೊಬ್ಬಳು ನನಗೆ ಹೇಳಿದಳು. ಅಷ್ಟರಲ್ಲಿ ಮಗಳು ಕಿಟಕಿಯಿಂದ ತಲೆ ಹೊರಹಾಕಿ, “ಅಣ್ಣ, ಸ್ವಲ್ಪ ಪಕ್ಕಕ್ಕೆ ಬನ್ನಿ,” ಎಂದು ನಗುತ್ತಲೇ ಕೇಳಿದಳು. ನಾನು ಯಾರೆಂದು ಅವಳಿಗೆ ಗೊತ್ತಿರಲಿಲ್ಲ.

ಪಕ್ಕಕ್ಕೆ ಸರಿದೆ. ಅವಳಿಗೂ ಹೇಳಬೇಕು. ಬಿಳೇಕಹಳ್ಳಿಯಲ್ಲಿ ಮನೆ ಎಲ್ಲಿ ಎಂದು ವಿಚಾರಿಸಿಟ್ಟುಕೊಂಡಿದ್ದೇನೆ. ಈ ಭಾನುವಾರ ಹೋಗುತ್ತೇನೆ.